ಬಾಲಿಯೋ, ಫುಕೆಟ್ಟೋ?

ವರ್ಷಕ್ಕೆ ಎರಡು ಸಲ, ಮಕ್ಕಳ ಬೇಸಿಗೆ ರಜೆ ಹತ್ತಿರ ಬಂದಾಗ ಒಮ್ಮೆ, ದಸರಾ ಮುಗಿದ ಮೇಲೆ ಇನ್ನೊಮ್ಮೆ, ನಮ್ಮ ಆಫೀಸಿನ ಕಾಫಿ ಮೆಷಿನ್ ಹತ್ತಿರ ಯಾರಾದರೂ ಒಬ್ಬರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. "ಗುರು, ನೀನು ಎರಡೂ ಕಡೆ ಹೋಗಿದೀಯಲ್ಲ. ಬಾಲಿನಾ, ಫುಕೆಟ್ಟಾ? ಒಂದೇ ಮಾತಲ್ಲಿ ಹೇಳು."

ಕೇಳುವಷ್ಟರಲ್ಲಿ ಅವರು ಹತ್ತು ಹದಿನೈದು ವಿಡಿಯೋ ನೋಡಿ ಮುಗಿಸಿರುತ್ತಾರೆ. ಎಲ್ಲದರಲ್ಲೂ ಅದೇ ಪಟ್ಟಿ. ಬೀಚಿಗೆ ಇಷ್ಟು ಸ್ಟಾರ್, ಊಟಕ್ಕೆ ಇಷ್ಟು, ಶಾಪಿಂಗಿಗೆ ಇಷ್ಟು, ರಾತ್ರಿ ಮೋಜಿಗೆ ಇಷ್ಟು, ಖರ್ಚಿಗೆ ಇಷ್ಟು. ಕೊನೆಯಲ್ಲಿ ಕೂಡಿಸಿ "ನಿಮಗೆ ಯಾವುದು ಸರಿ ಅಂತ ನೀವೇ ತೀರ್ಮಾನಿಸಿ" ಅಂತ ಕೈ ತೊಳೆದುಕೊಳ್ಳುವುದು. ನನಗೆ ಬಾಲಿಯ ಮೇಲೂ ಫುಕೆಟ್ ಮೇಲೂ ಅಂಥ ದೊಡ್ಡ ತಕರಾರಿಲ್ಲ. ತಕರಾರು ಇರುವುದು ಈ ಪಟ್ಟಿಯ ಮೇಲೆ. ಆಫೀಸಿನಲ್ಲಿ ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಅಂತ ನಿರ್ಧರಿಸಲು ಇಂಥ ಪಟ್ಟಿಗಳನ್ನು ನಾನೇ ಎಷ್ಟೋ ಮಾಡಿದ್ದೇನೆ. ಅದರಿಂದ ಕಲಿತ ಪಾಠ ಒಂದೇ: ಕಾಲಂ ಯಾವ್ಯಾವುದು ಇರಬೇಕು ಅಂತ ಯಾರು ಬರೀತಾರೋ, ಗೆಲ್ಲೋದು ಯಾರು ಅಂತಲೂ ಅವರೇ ಬರೆದಿರ್ತಾರೆ. ಬಾಲಿ-ಫುಕೆಟ್ ಪಟ್ಟಿಯಲ್ಲಿ ಮೂರು ಕಾಲಂ ಕಾಣೆಯಾಗಿವೆ. ಮಳೆ, ಕಡಲು, ಮತ್ತು ನೆಲ. ಈ ಬರಹ ಆ ಮೂರರ ಬಗ್ಗೆ.

ಮೊದಲು ಮಳೆ. ಭೂಪಟ ತೆಗೆದು ನೋಡಿ. ಫುಕೆಟ್ ಭೂಮಧ್ಯರೇಖೆಯಿಂದ ಸುಮಾರು ಎಂಟು ಡಿಗ್ರಿ ಮೇಲಿದೆ, ಬಾಲಿ ಸುಮಾರು ಎಂಟು ಡಿಗ್ರಿ ಕೆಳಗಿದೆ. ಹಾಗಾಗಿ ಒಂದರ ಮಳೆಗಾಲ ಇನ್ನೊಂದರ ಬೇಸಿಗೆ. ಫುಕೆಟ್‌ಗೆ ಬರುವುದು ಅಂಡಮಾನ್ ಕಡಲು ದಾಟಿ ಬರುವ ಅದೇ ನೈಋತ್ಯ ಮಾರುತ, ಅಂದರೆ ನಮ್ಮ ಮುಂಗಾರಿನ ನೆಂಟ. ಮೇನಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಕನ್ನಡಿ. ಬಾಲಿಯಲ್ಲಿ ತಿರುಗುಮುರುಗು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೊಳವು. ಇಷ್ಟು ಗೊತ್ತಿದ್ದರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯಿತು. ಮಕ್ಕಳಿಗೆ ಮೇ ತಿಂಗಳಲ್ಲಿ ರಜೆಯಾ, ಬಾಲಿ. ಕ್ರಿಸ್‌ಮಸ್ ರಜೆಯಾ, ಫುಕೆಟ್. ಸ್ಟಾರ್ ಎಣಿಸೋ ಅಗತ್ಯವೇ ಇಲ್ಲ.

ನಮ್ಮ ಟೀಮಿನ ಹುಡುಗನೊಬ್ಬ ಒಳ್ಳೇ ಆಫರ್ ಸಿಕ್ಕಿತು ಅಂತ ಜುಲೈನಲ್ಲಿ ಫುಕೆಟ್‌ಗೆ ಹೋದ. ಐದು ದಿನದಲ್ಲಿ ನಾಲ್ಕು ದಿನ ಬೀಚಿನಲ್ಲಿ ಕೆಂಪು ಬಾವುಟ. ದ್ವೀಪದ ಪಡುವಣ ದಂಡೆಯಲ್ಲಿ ಆ ತಿಂಗಳುಗಳಲ್ಲಿ ಒಳಸೆಳೆತ ಜೋರು, ಬಾವುಟ ಸುಮ್ಮನೆ ನೆಟ್ಟಿರೋದಲ್ಲ. ಪಾಪ, ಗಂಡ ಹೆಂಡತಿ ಮಾಲ್ ಸುತ್ತಿ ಬಂದರು. "ಆಫರ್ ಕೊಟ್ಟಿದ್ದು ರೂಮಿಗೆ ಕಣೋ, ಕಡಲಿಗಲ್ಲ" ಅಂದೆ. ಹಾಗೇ ಜನವರಿಯಲ್ಲಿ ಬಾಲಿಯ ಕುಟಾಕ್ಕೆ ಹೋದವರು ಚಪ್ಪಲಿ ತೆಗೆಯಲು ಹಿಂದೆ ಮುಂದೆ ನೋಡುತ್ತಾರೆ. ಮಳೆಗಾಲದ ಗಾಳಿ ಮತ್ತು ಅಲೆ ಪ್ಲಾಸ್ಟಿಕ್ಕನ್ನೆಲ್ಲ ತಂದು ಆ ದಂಡೆಗೇ ಸುರಿಯುತ್ತವೆ. ವಿಡಿಯೋದಲ್ಲಿ ಮಾತ್ರ ಎರಡೂ ಊರಿನಲ್ಲಿ ವರ್ಷಪೂರ್ತಿ ಸಂಜೆ ಆರು ಗಂಟೆಯ ಬಿಸಿಲು.

ಎರಡನೆಯದು ಕಡಲು. ನಾನು ಕೆರೆ ನೋಡಿ ಬೆಳೆದವನು. ನಮ್ಮೂರು ತುಮಕೂರು ಜಿಲ್ಲೆಯ ಒಂದು ಕೆರೆ ಅಚ್ಚುಕಟ್ಟಿನ ಹಳ್ಳಿ. ಕಡಲು ಅಂತ ಮೊದಲು ನೋಡಿದ್ದು ಬಿಇ ಎರಡನೇ ವರ್ಷದ ಟ್ರಿಪ್ಪಿನಲ್ಲಿ, ಮಲ್ಪೆಯಲ್ಲಿ. ಆಮೇಲೆ ಮದುವೆಯಾದ ಹೊಸತರಲ್ಲಿ, 2018ರ ಜನವರಿಯಲ್ಲಿ, ಫುಕೆಟ್‌ಗೆ ಹೋದೆವು. ಕಟಾ ಬೀಚಿನಲ್ಲಿ ಸೊಂಟದ ಮಟ್ಟ ನೀರಿಗಿಳಿದರೂ ಕಾಲಿನ ಬೆರಳು ಕಾಣುತ್ತಿತ್ತು. ಈಜು ಬಾರದ ನನ್ನ ಹೆಂಡತಿ ಅರ್ಧ ದಿನ ನೀರು ಬಿಟ್ಟು ಬರಲಿಲ್ಲ. ಫಾಂಗ್‌ನಾ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ಗುಡ್ಡಗಳು ನೀರಿನಿಂದ ನೇರ ಎದ್ದು ನಿಂತಿರುವುದನ್ನು ನೋಡಿ ಇಬ್ಬರೂ ಮಾತೇ ಆಡಲಿಲ್ಲ. ಅದರಲ್ಲೊಂದು ಬಂಡೆಯನ್ನು 1974ರ ಜೇಮ್ಸ್ ಬಾಂಡ್ ಸಿನಿಮಾದ ಹೆಸರಿನಲ್ಲಿ ಇವತ್ತಿಗೂ ಮಾರುತ್ತಿದ್ದಾರೆ. ಸಿನಿಮಾ ನೋಡದಿದ್ದರೂ ಏನೂ ನಷ್ಟವಿಲ್ಲ, ಬಂಡೆ ಚೆನ್ನಾಗಿದೆ. ಕಡಲು ಅಂದರೆ ಇದು, ಅನ್ನುವಂಥ ಕಡಲು ಅಲ್ಲಿದೆ.

ಆ ಪ್ರವಾಸದಲ್ಲೇ ಮಾಯಾ ಬೇ ಅನ್ನುವ ಪುಟ್ಟ ಕೊಲ್ಲಿಗೂ ಹೋದೆವು. 2000ನೇ ಇಸವಿಯ 'ದಿ ಬೀಚ್' ಸಿನಿಮಾದಿಂದ ಪ್ರಸಿದ್ಧವಾದ ಜಾಗ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ನಿಂತ ಹಾಗೆ ಸ್ಪೀಡ್‌ಬೋಟ್‌ಗಳು ಸಾಲಾಗಿ ನಿಂತಿದ್ದವು. ಫೋಟೋದಲ್ಲಿ ನಾವಿಬ್ಬರೇ ಇದ್ದಂತೆ ಕಾಣಲು ಇಪ್ಪತ್ತು ನಿಮಿಷ ಕಾಯಬೇಕಾಯಿತು. ನಾವು ಬಂದ ಐದೇ ತಿಂಗಳಿಗೆ, ಆ ವರ್ಷದ ಜೂನ್‌ನಲ್ಲಿ, ಸರ್ಕಾರ ಆ ಕೊಲ್ಲಿಗೆ ಬಾಗಿಲು ಹಾಕಿತು. ಹವಳ ಹಾಳಾಗಿತ್ತು. ಹಾಳು ಮಾಡಿದವರಲ್ಲಿ ಇಬ್ಬರು ತುಮಕೂರು ಕಡೆಯವರು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಅಷ್ಟರೊಳಗೆ ಹವಳ ನೆಟ್ಟು ಬೆಳೆಸಿದ್ದರು, ಕಪ್ಪುತುದಿ ರೆಕ್ಕೆಯ ಪುಟ್ಟ ಶಾರ್ಕ್‌ಗಳು ತಾವಾಗೇ ವಾಪಸ್ ಬಂದಿದ್ದವು. ಈಗ ಬೋಟು ಕೊಲ್ಲಿಯೊಳಗೆ ಬರುವ ಹಾಗಿಲ್ಲ, ದ್ವೀಪದ ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು. ಈ ಮಾತನ್ನು ನೆನಪಿಟ್ಟುಕೊಂಡಿರಿ, ಕೊನೆಯಲ್ಲಿ ಬೇಕಾಗುತ್ತದೆ. ಕಡಲಿಗೆ ಮೂರೂವರೆ ವರ್ಷ ಬಿಡುವು ಕೊಟ್ಟರೆ ಅದು ಚೇತರಿಸಿಕೊಳ್ಳುತ್ತದೆ.

ಹಾಗಂತ ಫುಕೆಟ್ ಸ್ವರ್ಗವೇನಲ್ಲ. ಪಟಾಂಗಿನ ಬಂಗ್ಲಾ ರಸ್ತೆಯಲ್ಲಿ ರಾತ್ರಿ ನಡೆದರೆ ನಮ್ಮ ಅತ್ತೆ ಮಾವನನ್ನು ಇಲ್ಲಿಗೆ ಕರಕೊಂಡು ಬರಲಿಲ್ಲವಲ್ಲ ಅಂತ ದೇವರಿಗೆ ಕೈ ಮುಗಿಯುತ್ತೀರಿ. ಟ್ಯಾಕ್ಸಿ ಬಾಡಿಗೆ ಕೇಳಿದರೆ ನಮ್ಮ ಆಟೋದವರ ಮೇಲೆ ಗೌರವ ಹುಟ್ಟುತ್ತದೆ. ಸಸ್ಯಾಹಾರಿಗಳಿಗೆ ಕಷ್ಟ, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ತಮಾಷೆಯೆಂದರೆ ಅದೇ ಊರಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಚೀನೀ ಮೂಲದವರ ಒಂಬತ್ತು ದಿನದ ಸಸ್ಯಾಹಾರ ಹಬ್ಬ ನಡೆಯುತ್ತದೆ. ಅಂಗಡಿಗೆಲ್ಲ ಹಳದಿ ಬಾವುಟ. ಹೆಚ್ಚುಕಡಿಮೆ ನಮ್ಮ ನವರಾತ್ರಿಯ ಕಾಲಕ್ಕೇ.

ಇನ್ನು ಬಾಲಿ. 2024ರ ಏಪ್ರಿಲ್ ಕೊನೆಯಲ್ಲಿ, ಬೆಂಗಳೂರಿನಿಂದ ನೇರ ವಿಮಾನ ಆಗಷ್ಟೇ ಶುರುವಾಗಿದ್ದಾಗ ಹೋದೆವು. ಈ ಸಲ ಅಪ್ಪ, ಅಮ್ಮ, ಮಗಳು ಎಲ್ಲರೂ ಇದ್ದರು. ಇಳಿದ ಮೇಲೆ ವೀಸಾಕ್ಕೆ ತಲೆಗೆ ಐದು ಲಕ್ಷ ರುಪಾಯ, ಆ ವರ್ಷದ ಫೆಬ್ರವರಿಯಿಂದ ಶುರುವಾದ ಪ್ರವಾಸಿ ತೆರಿಗೆ ಒಂದೂವರೆ ಲಕ್ಷ ರುಪಾಯ. ಅಂಕಿ ಕೇಳಿ ಅಪ್ಪ ಹೌಹಾರಿದರು. ನಮ್ಮ ದುಡ್ಡಲ್ಲಿ ಎರಡೂ ಸೇರಿ ಮೂರೂವರೆ ಸಾವಿರದ ಆಸುಪಾಸು ಅಂದ ಮೇಲೆ ಉಸಿರು ಬಿಟ್ಟರು.

ಬಾಲಿಯ ಕಡಲಿನ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಕಡಲಿಗೋಸ್ಕರ ಬಾಲಿಗೆ ಹೋಗಬೇಡಿ. ಕುಟಾ, ಚಂಗು ಕಡೆ ಅಲೆ ಸರ್ಫಿಂಗ್ ಮಾಡುವವರಿಗೆ ಹೇಳಿ ಮಾಡಿಸಿದ್ದು. ಮಗು ಕೈ ಹಿಡಿದು ನೀರಿಗಿಳಿಯುವವರಿಗಲ್ಲ. ಮರಳು ಎಷ್ಟೋ ಕಡೆ ಜ್ವಾಲಾಮುಖಿಯ ಕಪ್ಪು ಬೂದಿ ಬಣ್ಣದ್ದು. ಸನೂರಿನಲ್ಲಿ ಹವಳದ ದಿಬ್ಬ ಅಡ್ಡ ಇರುವುದರಿಂದ ನೀರು ಶಾಂತ, ವಯಸ್ಸಾದವರಿಗೆ ಅದೊಂದು ಒಳ್ಳೇ ಜಾಗ. ಅಷ್ಟು ಬಿಟ್ಟರೆ ಕಡಲಿನ ವಿಷಯದಲ್ಲಿ ಫುಕೆಟ್ ಮುಂದೆ ಬಾಲಿ ನಿಲ್ಲುವುದಿಲ್ಲ.

ನಮ್ಮವರಿಗೆ ಬಾಲಿಯನ್ನು ಮಾರುವುದು ಇನ್ನೊಂದು ಮಾತಿನಿಂದ: "ಹಿಂದೂ ದ್ವೀಪ, ನಿಮ್ಮದೇ ಸಂಸ್ಕೃತಿ, ಮನೆಗೆ ಹೋದ ಹಾಗಿರುತ್ತೆ." ಇದು ಅರ್ಧ ಸತ್ಯ. ಬೆಳಗಾದರೆ ಪ್ರತಿ ಬಾಗಿಲಲ್ಲೂ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅನ್ನದ ಅಗುಳು, ಊದುಬತ್ತಿ. ಅಮ್ಮನಿಗೆ ಅದನ್ನು ದಾಟಿ ಹೋಗಲು ಕಾಲೇ ಬರಲಿಲ್ಲ. ಭತ್ತದ ದೇವಿಯ ಹೆಸರು ದೇವಿ ಶ್ರೀ. ಆದರೆ ಅದೇ ದೇವಸ್ಥಾನದ ನೈವೇದ್ಯದಲ್ಲಿ ಬಾತುಕೋಳಿಯೂ ಇರುತ್ತದೆ, ಇಡೀ ಸುಟ್ಟ ಹಂದಿಯೂ ಇರುತ್ತದೆ. ಆ ಮೆರವಣಿಗೆ ನೋಡಿ ನಮ್ಮ ಜೊತೆಗಿದ್ದ ಇನ್ನೊಂದು ಸಂಸಾರ ಮುಖ ಕಿವುಚಿತು. ಅಮ್ಮ ಮಾತ್ರ "ನಮ್ ಮಾರಮ್ಮನ ಹಬ್ಬ ಇದ್ದಂಗೈತೆ ಕಣ್ಲಾ" ಅಂದು ಮುಂದೆ ಹೋದರು. ಬಾಲಿಯವರು ನಮ್ಮ ಪ್ರತಿಬಿಂಬವಾಗಿರಲಿ ಅಂತ ಬಯಸುವವರಿಗೆ ಆ ಊರು ನಿರಾಸೆ ಮಾಡುತ್ತದೆ. ಅವರ ದೇವರು ಅವರದ್ದು.

ನಿಜವಾಗಿ ನಮ್ಮ ಮನೆಯವರನ್ನು ಹಿಡಿದು ನಿಲ್ಲಿಸಿದ್ದು ದೇವಸ್ಥಾನವಲ್ಲ, ಕಾಲುವೆ. ಜತಿಲುವಿಹ್ ಅನ್ನುವ ಕಡೆ ಗುಡ್ಡದ ಮೈತುಂಬ ಮೆಟ್ಟಿಲು ಮೆಟ್ಟಿಲು ಗದ್ದೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಅಪ್ಪ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಿದ್ದರು. ಆಮೇಲೆ ಕೇಳಿದರು, "ಇಲ್ಲೂ ನೀರ್‌ಗಂಟಿ ಅವ್ನೇನ್ಲಾ?"

ಇದ್ದಾನೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಕೆರೆಯ ತೂಬು ಎತ್ತಿ, ಸರದಿ ಪ್ರಕಾರ ಗದ್ದೆ ಗದ್ದೆಗೆ ನೀರು ಬಿಡುತ್ತಿದ್ದ ನೀರುಗಂಟಿಯ ಹಾಗೆಯೇ. ಅಲ್ಲಿ ಒಂದೇ ಮೂಲದ ನೀರು ಉಣ್ಣುವ ರೈತರೆಲ್ಲ ಸೇರಿ ಒಂದು ಸಂಘ, ಅದರ ಹೆಸರು ಸುಬಕ್. ಅದಕ್ಕೊಬ್ಬ ಮುಖ್ಯಸ್ಥ, ಅದಕ್ಕೊಂದು ನೀರಿನ ಗುಡಿ. ದ್ವೀಪದಲ್ಲಿ ಇಂಥವು ಸುಮಾರು 1,200 ಇವೆ. ಒಂಬತ್ತನೇ ಶತಮಾನದಷ್ಟು ಹಳೆಯ ಪದ್ಧತಿ. 2012ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾವ ಊರು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಒಣಗಲು ಬಿಡಬೇಕು ಅನ್ನುವುದು ಗುಡಿಯಲ್ಲಿ ಕೂತು ತೀರ್ಮಾನವಾಗುತ್ತದೆ.

ನನ್ನಂಥ ಕೋಡ್ ಬರೆಯುವವನಿಗೆ ಇದರಲ್ಲಿ ಒಂದು ಚಂದದ ಲೆಕ್ಕವಿದೆ. ಅಕ್ಕಪಕ್ಕದವರೆಲ್ಲ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಕೊಯ್ದು ಒಟ್ಟಿಗೆ ಬೀಳು ಬಿಟ್ಟರೆ ಇಲಿಗೆ, ಹುಳುವಿಗೆ ತಿನ್ನಲು ಏನೂ ಸಿಗದೆ ಸಾಯುತ್ತವೆ. ಆದರೆ ಇಡೀ ಕಣಿವೆ ಒಟ್ಟಿಗೆ ನಾಟಿ ಮಾಡಿದರೆ ಒಂದೇ ವಾರ ಎಲ್ಲರಿಗೂ ನೀರು ಬೇಕು, ಸಾಲುವುದಿಲ್ಲ. ಎಷ್ಟು ಜನ ಜೊತೆಯಾಗಬೇಕು, ಎಲ್ಲಿಂದ ಬೇರೆಯಾಗಬೇಕು ಅನ್ನುವುದೇ ಪ್ರಶ್ನೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಗುಡಿಯ ಪಂಚಾಂಗ ಬದಿಗಿಟ್ಟು, ಆದಷ್ಟು ಬೆಳೆ ತೆಗೆಯಿರಿ ಅಂದರು. ಕೆಲವೇ ವರ್ಷದಲ್ಲಿ ಕೀಟ ಮುಗಿಬಿತ್ತು, ನೀರಿನ ಜಗಳ ಶುರುವಾಯಿತು. ಆಮೇಲೆ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಇದನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ಓಡಿಸಿ ನೋಡಿದರೆ, ಒಬ್ಬೊಬ್ಬರು ತಮಗೆ ತೋಚಿದ ಹಾಗೆ ಮಾಡಿದ್ದಕ್ಕಿಂತಲೂ, ಎಲ್ಲರೂ ಒಂದೇ ತಾಳಕ್ಕೆ ಕುಣಿದಿದ್ದಕ್ಕಿಂತಲೂ, ಗುಡಿಗಳ ಜಾಲ ಮಾಡಿದ್ದ ಏರ್ಪಾಡೇ ಹೆಚ್ಚು ಇಳುವರಿ ಕೊಡುತ್ತಿತ್ತು. ಲ್ಯಾನ್ಸಿಂಗ್ ಅವರ 1991ರ ಪುಸ್ತಕದ ಹೆಸರೇ 'ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್'. ಪ್ರೋಗ್ರಾಮರ್ ಪೂಜಾರಿಗೆ ತಲೆಬಾಗಿದ ಕಥೆ.

ಇಲ್ಲಿಗೆ ಮೂರನೇ ಕಾಲಂ ಬಂತು, ನೆಲ. ಎರಡು ದಿನ ಬಿಟ್ಟು ಚಂಗು ಕಡೆ ಹೋದೆವು. ಹಿಂದೆ ಬರೀ ಗದ್ದೆ ಇದ್ದ ಜಾಗ ಅಂತ ಡ್ರೈವರ್ ಹೇಳಿದ. ಈಗ ವಿಲ್ಲಾ, ಕೆಫೆ, ಈಜುಕೊಳ, ಮತ್ತೆ ವಿಲ್ಲಾ. ನಡುವೆ ಒಂದೊಂದು ಗದ್ದೆ ಹಲ್ಲು ಬಿದ್ದ ಬಾಯಲ್ಲಿ ಉಳಿದ ಹಲ್ಲಿನ ಹಾಗೆ. ಒಂದು ಕಡೆ ಗದ್ದೆ ಬಿರುಕು ಬಿಟ್ಟು ನಿಂತಿತ್ತು. ಮೇಲುಗಡೆ ಕಟ್ಟಡ ಬಂದ ಮೇಲೆ ಕಾಲುವೆ ಮುಚ್ಚಿಹೋಗಿ ನೀರು ಬರುತ್ತಿಲ್ಲವಂತೆ. ವಿದೇಶಿಯರು ಅಲ್ಲಿ ಜಮೀನನ್ನು ಸ್ವಂತಕ್ಕೆ ಕೊಳ್ಳುವ ಹಾಗಿಲ್ಲ, ಇಪ್ಪತ್ತೈದು ಮೂವತ್ತು ವರ್ಷಕ್ಕೆ ಗುತ್ತಿಗೆ ಹಿಡಿಯುತ್ತಾರೆ. ನಮ್ಮ ಡ್ರೈವರ್ ಮನೆಯವರೂ ಕೊಟ್ಟಿದ್ದಾರೆ. "ವಾಪಸ್ ಬರುವಾಗ ನನಗೆ ಅರವತ್ತು, ಸಿಮೆಂಟ್ ಸಮೇತ ಬರುತ್ತೆ" ಅಂತ ನಕ್ಕ. ಅಪ್ಪನಿಗೆ ಅನುವಾದಿಸಿ ಹೇಳಿದೆ. ಅವರು ನಗಲಿಲ್ಲ. "ಮಧ್ಯದೋನು ಕೊಟ್ಬಿಟ್ರೆ ಕೊನೇ ಗದ್ದೇವ್ನು ಏನ್ ಮಾಡ್ತಾನೆ?" ಅಂದರು.

ಸುಬಕ್ ಒಂದು ಸರಪಳಿ. ನಡುವಿನ ಒಂದು ಕೊಂಡಿ ಕಳಚಿದರೆ ಕೆಳಗಿನವನು ಮಾರಲೇಬೇಕು, ಬೇರೆ ದಾರಿಯಿಲ್ಲ. 2024ರಲ್ಲಿ ಬಾಲಿಗೆ ಬಂದ ವಿದೇಶಿಯರು 60 ಲಕ್ಷ ದಾಟಿದರು. ಆ ದ್ವೀಪದ ಜನಸಂಖ್ಯೆಯೇ 44 ಲಕ್ಷದ ಆಸುಪಾಸು. ಆಸ್ಟ್ರೇಲಿಯಾದವರ ನಂತರ ಹೆಚ್ಚು ಹೋಗುತ್ತಿರುವವರು ನಾವೇ, ಭಾರತೀಯರು.

ಫುಕೆಟ್‌ನ ನೆಲದ ಕಥೆ ಬೇರೆ. ಅದು ತವರದ ಗಣಿಯ ಊರಾಗಿತ್ತು. 1985ರಲ್ಲಿ ಜಗತ್ತಿನಲ್ಲಿ ತವರದ ಬೆಲೆ ಕುಸಿಯಿತು. ಮರುವರ್ಷ ಜೂನ್‌ನಲ್ಲಿ, ಇನ್ನೇನು ಶುರುವಾಗಲಿದ್ದ ಟ್ಯಾಂಟಲಮ್ ಕಾರ್ಖಾನೆ ಊರನ್ನು ಕೆಡಿಸುತ್ತದೆ ಅಂತ ಜನ ರೊಚ್ಚಿಗೆದ್ದು ಅದಕ್ಕೆ ಬೆಂಕಿ ಇಟ್ಟರು. ಆಮೇಲೆ ಪ್ರವಾಸೋದ್ಯಮವೇ ಗತಿಯಾಯಿತು. ಬಾಂಗ್ ತಾವ್ ದಂಡೆಯ ದೊಡ್ಡ ರೆಸಾರ್ಟ್ ಸಮುಚ್ಚಯ ಎದ್ದಿರುವುದು ಬಿಟ್ಟುಹೋದ ಗಣಿಯ ಹಾಳು ನೆಲದ ಮೇಲೆ. ಗುಂಡಿಗಳೇ ಈಗ ಕೊಳಗಳು. ಅಲ್ಲೂ ಗುಡ್ಡ ಕಡಿಯುತ್ತಾರೆ, ತೋಟ ಮಾರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ನಾವು ಹೆಚ್ಚಾಗಿ ಕೆಡಿಸುವುದು ಕಡಲನ್ನು, ಮತ್ತು ಕಡಲು ವಾಪಸ್ ಬರುತ್ತದೆ ಅಂತ ಮಾಯಾ ಬೇ ತೋರಿಸಿದೆ. ಸಿಮೆಂಟ್ ಬಿದ್ದ ಗದ್ದೆ ಮೂರೂವರೆ ವರ್ಷವಲ್ಲ, ಮೂವತ್ತು ವರ್ಷ ಬಾಗಿಲು ಹಾಕಿದರೂ ವಾಪಸ್ ಬರುವುದಿಲ್ಲ.

ಇದನ್ನು ಬರೆಯುವಾಗ ನನ್ನ ಬಾಯಿಗೇ ಹುಳಿ ಬರುತ್ತದೆ. ಹಳ್ಳಿಯವನು ಗದ್ದೆಯಲ್ಲೇ ಇರಲಿ, ನಾವು ಬಂದಾಗ ನೋಡೋಕೆ ಚೆನ್ನಾಗಿರುತ್ತೆ ಅನ್ನುವುದು ಪಟ್ಟಣದವನ ಸ್ವಾರ್ಥ. ನಾನೇ ಗದ್ದೆ ಬಿಟ್ಟು ಓಡಿಬಂದವನು. ಗುತ್ತಿಗೆ ದುಡ್ಡಿನಲ್ಲಿ ಆ ಡ್ರೈವರ್ ಮಗಳನ್ನು ಕಾಲೇಜಿಗೆ ಕಳಿಸುತ್ತಿದ್ದಾನೆ. ಅವನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಅದೂ ಅಲ್ಲದೆ, ಬಾಲಿಗೆ ಹೋಗುವ ತಿಂಗಳ ಮುಂಚೆ ನಮ್ಮೂರಲ್ಲೇ ರಸ್ತೆ ಪಕ್ಕದ ನಮ್ಮ ಒಂದೂವರೆ ಎಕರೆಯನ್ನು ರೆಸಾರ್ಟ್ ಮಾಡೋಕೆ ಗುತ್ತಿಗೆ ಕೇಳಿಕೊಂಡು ಪಾರ್ಟಿ ಬಂದಿತ್ತು. "ಕೊಟ್ಬಿಡಪ್ಪ, ಕೆರೆಗೆ ನೀರೇ ಬರಲ್ಲ, ಇನ್ನೇನ್ ಬೆಳೀತೀಯ" ಅಂತ ಫೋನಿನಲ್ಲಿ ಹೇಳಿದವನು ನಾನೇ. ಬಾಲಿಯಿಂದ ಬಂದ ಮೇಲೆ ಆ ಮಾತನ್ನು ನಾನೂ ಎತ್ತಿಲ್ಲ, ಅಪ್ಪನೂ ಎತ್ತಿಲ್ಲ. ಆ ವರ್ಷ ಮಳೆ ಚೆನ್ನಾಗಿ ಬಂದು ಕೆರೆಗೆ ಒಂದಿಷ್ಟು ನೀರು ನಿಂತಿತು. ಪಾರ್ಟಿಯವರಿಗೆ ಅಪ್ಪ ಇನ್ನೂ "ನೋಡಾನ" ಅಂತಲೇ ಹೇಳುತ್ತಿದ್ದಾರೆ. ನಮ್ಮ ಗದ್ದೆ ಇರುವುದು ಕಾಲುವೆಯ ಮಧ್ಯದಲ್ಲಿ.

ಸರಿ, ಕಾಫಿ ಮೆಷಿನ್ ಪಕ್ಕದ ಪ್ರಶ್ನೆಗೆ ಉತ್ತರ ಕೊಡದೆ ಹೋದರೆ ಬಿಡುವುದಿಲ್ಲ. ಮೊದಲು ಯಾವ ತಿಂಗಳು ಅಂತ ಹೇಳಿ. ಬೇಕಾಗಿರುವುದು ಕಡಲು, ಮರಳು, ಈಜುಕೊಳ, ರಾತ್ರಿ ಮೋಜು ಅಂತಾದರೆ ಕಣ್ಣು ಮುಚ್ಚಿ ಫುಕೆಟ್‌ಗೆ ಹೋಗಿ; ನವೆಂಬರ್ ಆದ ಮೇಲೆ ಹೋಗಿ, ಪಟಾಂಗ್ ಬಿಟ್ಟು ಕಟಾದಲ್ಲೋ ನೈ ಹಾರ್ನ್‌ನಲ್ಲೋ ಇಳಿದುಕೊಳ್ಳಿ. ಆ ನಾಲ್ಕು ಸುಖಕ್ಕಾಗಿ ಬಾಲಿಗೆ ಹೋಗಬೇಡಿ. ಅಲ್ಲಿ ನಿಮಗಾಗಿ ಕಟ್ಟುವ ಒಂದೊಂದು ಈಜುಕೊಳದ ಕೆಳಗೂ ಒಂದು ಗದ್ದೆ ಇರುತ್ತದೆ, ಫುಕೆಟ್‌ನಲ್ಲಿ ಅದಕ್ಕಿಂತ ಒಳ್ಳೆಯ ಕಡಲು ಸಿಗುತ್ತದೆ. ಅಪ್ಪ ಅಮ್ಮ ಜೊತೆಗಿದ್ದರೆ, ಮೇ ತಿಂಗಳಾದರೆ, ನಿಧಾನಕ್ಕೆ ಊರು ನೋಡುವ ಮನಸ್ಸಿದ್ದರೆ ಬಾಲಿಗೆ ಹೋಗಿ. ಹೊಸ ವಿಲ್ಲಾ ಬೇಡ, ಹಳೇ ಮನೆಯವರೇ ನಡೆಸುವ ತಂಗುದಾಣ ಹುಡುಕಿ. ಒಂದು ದಿನ ಯಾವ ಪಾಯಿಂಟೂ ಇಟ್ಟುಕೊಳ್ಳದೆ ಬದುವಿನ ಮೇಲೆ ಕೂತು ನೀರು ಎಲ್ಲಿಗೆ ಹೋಗುತ್ತೆ ಅಂತ ನೋಡಿ.

ಮೊನ್ನೆ ಆ ಜುಲೈ ಹುಡುಗ ಮತ್ತೆ ಬಂದಿದ್ದ. ಈ ಸಲ ಬಾಲಿ ಬುಕ್ ಮಾಡಿದ್ದಾನಂತೆ, ಗದ್ದೆ ಕಾಣುವ ವಿಲ್ಲಾ, ಸ್ವಂತ ಈಜುಕೊಳ. "ಗದ್ದೆ ವ್ಯೂ ಗುರು" ಅಂತ ಫೋಟೋ ತೋರಿಸಿದ. ಚೆನ್ನಾಗಿಯೇ ಇತ್ತು. "ಬೇಗ ಹೋಗಿ ಬಾ. ಮುಂದಿನ ವರ್ಷ ಆ ಗದ್ದೇಲೂ ಇನ್ನೊಂದು ವಿಲ್ಲಾ ಇರುತ್ತೆ, ಅದಕ್ಕೆ ನಿಂದೇ ವ್ಯೂ" ಅಂದೆ.